ಮುದುಕನಾದ ರಾಕ್ ಗಾಯಕ ಸ್ಟೇಜ್ ಬಿಡಲಿ, ಸ್ಟುಡಿಯೋ ಯಾಕೆ ಬಿಡಬೇಕು?

2025ರ ಜುಲೈ. ಹೊರಗೆ ಹುಬ್ಬಳ್ಳಿಯ ಜಿಟಿಜಿಟಿ ಮಳೆ. ಒಳಗೆ ನನ್ನ ಅಕ್ಕನ ಮಗ ಗಿರಮಿಟ್ಟಿನ ಪ್ಲೇಟು ಮುಂದಿಟ್ಟುಕೊಂಡು ಫೋನ್ ನೋಡುತ್ತ ಕೂತಿದ್ದ. ಇಂಜಿನಿಯರಿಂಗ್ ಮೂರನೇ ವರ್ಷ, ಓದಿಗಿಂತ ಗಿಟಾರ್ ಜಾಸ್ತಿ. ಫೋನಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ವಿಲ್ಲಾ ಪಾರ್ಕ್ ಮೈದಾನ. ಜುಲೈ 5ರಂದು ಅಲ್ಲಿ ಬ್ಲ್ಯಾಕ್ ಸಬಾತ್ ಅನ್ನೋ ರಾಕ್ ತಂಡದ ಕೊನೆಯ ಕಾರ್ಯಕ್ರಮ ನಡೆದಿತ್ತು. ತಂಡದ ಗಾಯಕ ಓಝಿ ಆಸ್ಬಾರ್ನ್ ಒಂದು ದೊಡ್ಡ ಕರಿ ಸಿಂಹಾಸನದಲ್ಲಿ ಕೂತು ಹಾಡುತ್ತಿದ್ದಾರೆ. ವಯಸ್ಸು 76, ಪಾರ್ಕಿನ್ಸನ್ ಕಾಯಿಲೆ. ಎದ್ದು ನಿಲ್ಲಬೇಕು ಅಂತ ಒದ್ದಾಡುತ್ತಾರೆ, ಆಗುವುದಿಲ್ಲ. ಎದುರಿಗೆ ಮೈದಾನ ತುಂಬ ಜನ, ಒಂದಷ್ಟು ಮಂದಿ ಅಳುತ್ತಿದ್ದಾರೆ.

"ಮಾಮಾ, ಇದನ್ನ ನೋಡಾಕ ಆಗೂದಿಲ್ರಿ. ಯಾವಾಗೋ ಬಿಟ್ಟು ಮನ್ಯಾಗ ಆರಾಮ ಇರಬೇಕಿತ್ತು ಇವ್ರು."

ಹದಿನೇಳು ದಿನ ಆದ ಮೇಲೆ, ಜುಲೈ 22ಕ್ಕೆ, ಓಝಿ ತೀರಿಕೊಂಡರು. ಹುಡುಗ ಫೋನ್ ಮಾಡಿ, "ಅವತ್ತು ನಾ ಹಂಗ ಅನಬಾರದಿತ್ತು" ಅಂದ. ಅಂದಿದ್ದರಲ್ಲಿ ತಪ್ಪೇನಿತ್ತು ಅಂತ ಕೇಳಿದೆ. ಮನಸ್ಸಿಗೆ ಕಷ್ಟ ಆಯ್ತು, ಅಂದ. ಆದರೆ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕಂದ್ರೆ ಈಗ ರಾಕ್ ಸಂಗೀತಕ್ಕೇ ವಯಸ್ಸಾಗಿದೆ. ಮಿಕ್ ಜಾಗರ್ ಹುಟ್ಟಿದ್ದು 1943ರಲ್ಲಿ, ಪಾಲ್ ಮೆಕಾರ್ಟ್ನಿ 1942ರಲ್ಲಿ, ಬಾಬ್ ಡಿಲನ್ 1941ರಲ್ಲಿ. ಎಲ್ಲರೂ ಎಂಬತ್ತು ದಾಟಿದವರು. ಮೂವತ್ತು ದಾಟಿದವರನ್ನು ನಂಬಬೇಡಿ ಅಂತ ಹೇಳುತ್ತಿದ್ದ ಕಾಲದ ಸಂಗೀತ ಇದು, ಅಂಥದ್ದರಲ್ಲಿ ಮುಪ್ಪು ಬಂದರೆ ಏನು ಮಾಡಬೇಕು ಅನ್ನೋದಕ್ಕೆ ಅವರ ಹತ್ತಿರ ಹಿಂದಿನವರು ಹಾಕಿಕೊಟ್ಟ ದಾರಿಯೇ ಇರಲಿಲ್ಲ. ಇವರೇ ಮೊದಲ ತಲೆಮಾರು.

ಇವರು ನಿಲ್ಲಿಸಬೇಕಾ, ಮುಂದುವರಿಸಬೇಕಾ ಅಂತ ಜನ ಕೇಳುವಾಗ ಎರಡು ಬೇರೆ ಕೆಲಸಗಳನ್ನು ಒಂದೇ ಪಾತ್ರೆಗೆ ಹಾಕಿ ಕಲಸುತ್ತಾರೆ. ಊರೂರು ತಿರುಗಿ ಸ್ಟೇಜ್ ಮೇಲೆ ಹಾಡುವುದು ಒಂದು ಕೆಲಸ. ಕೋಣೆಯಲ್ಲಿ ಕೂತು ಹೊಸ ಹಾಡು ರೆಕಾರ್ಡ್ ಮಾಡುವುದು ಇನ್ನೊಂದು. ಸಾಮಾನ್ಯವಾಗಿ ಎಲ್ಲರೂ ಹೇಳುವುದು ಏನಂದ್ರೆ, ಹಳೇ ಹಾಡುಗಳನ್ನು ಹಾಡಿಕೊಂಡು ತಿರುಗಲಿ ಪಾಪ, ಆದರೆ ಈ ವಯಸ್ಸಿನಲ್ಲಿ ಹೊಸ ಆಲ್ಬಂ ಯಾರಿಗೆ ಬೇಕು ಅಂತ. ನನ್ನ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಆ ತಿರುಗಾಟ ಬಿಡಲಿ. ರೆಕಾರ್ಡಿಂಗ್ ಬಿಡಬಾರದು.

ಮೊದಲು ಗಂಟಲ ವಿಷಯ. ಧ್ವನಿತಂತು, ವೋಕಲ್ ಕಾರ್ಡ್ ಅಂತೀವಲ್ಲ, ಅದು ತಂತಿ ಏನಲ್ಲ, ಎರಡು ಸಣ್ಣ ಮಡಿಕೆ. ಗಂಡಸರಲ್ಲಿ ಒಂದೂವರೆಯಿಂದ ಎರಡು ಸೆಂಟಿಮೀಟರ್ ಉದ್ದ, ಅಷ್ಟೇ. ಮಾತಾಡುವಾಗ ಸೆಕೆಂಡಿಗೆ ಸುಮಾರು 100ರಿಂದ 130 ಸಲ ಒಂದಕ್ಕೊಂದು ತಾಗುತ್ತವೆ. ಗಾಯಕ ಮೇಲೇರಿ 440ರ 'ಎ' ಸ್ವರ ಹಿಡಿದರೆ ಸೆಕೆಂಡಿಗೆ 440 ಸಲ. ಹತ್ತು ಸೆಕೆಂಡು ಹಿಡಿದರೆ 4,400 ಸಲ. ರಾಕ್‌ನಲ್ಲಿ ಇದನ್ನು ನಯವಾಗಿ ಮಾಡುವುದೂ ಇಲ್ಲ, ಕಿರುಚಿ, ದನಿಯನ್ನು ಒರಟು ಮಾಡಿ, ಡ್ರಮ್ಮು ಗಿಟಾರುಗಳ ಗದ್ದಲದ ಮೇಲೆ ಹತ್ತಿಸಬೇಕು. ವಯಸ್ಸಾದಂತೆ ಆ ಮಡಿಕೆಯೊಳಗಿನ ಸ್ನಾಯು ಸವೆದು ತೆಳ್ಳಗಾಗುತ್ತದೆ. ಎರಡೂ ಬಿಲ್ಲಿನ ಹಾಗೆ ಬಾಗಿ ನಡುವೆ ಸಂದಿ ಬಿಡುತ್ತವೆ, ಅಲ್ಲಿಂದ ಗಾಳಿ ಸೋರುತ್ತದೆ. ಮುದುಕರ ದನಿಯಲ್ಲಿ ಮಾತಿನ ಜೊತೆ ಒಂದು ಉಸಿರು ಕೇಳುತ್ತದಲ್ವಾ, ಅದು ಇದೇ. ಎದೆಗೂಡು ಬಿಗಿಯಾಗಿ ದಮ್ಮು ಕಡಿಮೆ ಆಗುತ್ತದೆ. ಒಂದು ತಮಾಷೆ ಅಂದ್ರೆ ಮುಪ್ಪಿನಲ್ಲಿ ಗಂಡಸರ ಮಾತಿನ ಶ್ರುತಿ ಸ್ವಲ್ಪ ಏರುತ್ತದೆ, ಹೆಂಗಸರದ್ದು ಇಳಿಯುತ್ತದೆ. ಆದರೆ ಹಾಡುವಾಗ ಮೇಲಿನ ಸ್ವರಗಳು ಇಬ್ಬರಿಗೂ ಕೈಕೊಡುತ್ತವೆ.

ಏರೋಸ್ಮಿತ್ ತಂಡದ ಸ್ಟೀವನ್ ಟೈಲರ್ ಕಥೆ ನೋಡಿ. 2023ರ ಸೆಪ್ಟೆಂಬರಿನಲ್ಲಿ, ವಿದಾಯದ ಪ್ರವಾಸ ಶುರುವಾಗಿ ಕೆಲವೇ ದಿನಕ್ಕೆ, ಸ್ಟೇಜ್ ಮೇಲೆ ಹಾಡುವಾಗಲೇ ಗಂಟಲಿಗೆ ಪೆಟ್ಟಾಯಿತು. ಆಗ ವಯಸ್ಸು 75. ಒಂದು ವರ್ಷ ಕಾದರು. ಸರಿಹೋಗಲಿಲ್ಲ. 2024ರ ಆಗಸ್ಟಿನಲ್ಲಿ ಇನ್ನು ಪ್ರವಾಸ ಇಲ್ಲ ಅಂತ ತಂಡ ಹೇಳಿಬಿಟ್ಟಿತು. ಆದರೆ 2025ರಲ್ಲಿ ಅದೇ ಟೈಲರ್ ಯಂಗ್‌ಬ್ಲಡ್ ಅನ್ನೋ ಎಳೇ ಹುಡುಗನ ಜೊತೆ ಹೊಸ ಹಾಡು ರೆಕಾರ್ಡ್ ಮಾಡಿದರು. ಎರಡು ತಾಸು ಒಂದೇ ಸಮನೆ ಕೂಗಲಾರದ ಗಂಟಲು ದಿನಕ್ಕೆ ನಾಲ್ಕು ಸಾಲು ಹಾಡಬಲ್ಲದು. ಸ್ಟುಡಿಯೋ ಇರುವುದೇ ಅದಕ್ಕೆ. ಇವತ್ತು ದನಿ ಬಿದ್ದಿದ್ದರೆ ಚಹಾ ಕುಡಿದು ಮನೆಗೆ ಹೋಗಬಹುದು.

ಈಗ ನಮ್ಮ ಕಡೆಯ ಮಾತಿಗೆ ಬರೋಣ. ಧಾರವಾಡದಲ್ಲಿ ಬೆಳೆದ ನಮಗೆ ಮುದುಕರು ಹಾಡುವುದು ವಿಚಿತ್ರ ಅಂತ ಅನ್ನಿಸುವುದೇ ಇಲ್ಲ. ಮಲ್ಲಿಕಾರ್ಜುನ ಮನ್ಸೂರರು ಹುಟ್ಟಿದ್ದು 1910ರ ಕೊನೆಯ ದಿನ. 1930ರ ದಶಕದಲ್ಲೇ ಗ್ರಾಮಫೋನ್ ಪ್ಲೇಟು ಕೊಟ್ಟವರು. ಆದರೂ ದೇಶಕ್ಕೆಲ್ಲ ಅವರ ಹೆಸರು ಗೊತ್ತಾಗಿದ್ದು ಅರವತ್ತರ ಹತ್ತಿರ ಬಂದ ಮೇಲೆ. ಪದ್ಮಶ್ರೀ 1970ರಲ್ಲಿ, ಪದ್ಮವಿಭೂಷಣ 1992ರಲ್ಲಿ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೋದರು. ಗಂಗೂಬಾಯಿ ಹಾನಗಲ್ ಅವರದು ಇನ್ನೂ ಬೇರೆ ಥರ. ಚಿಕ್ಕ ವಯಸ್ಸಿನಲ್ಲಿ ಅವರದ್ದು ತೆಳ್ಳಗಿನ, ಮೇಲಿನ ದನಿ. ಆಮೇಲೆ ಟಾನ್ಸಿಲ್ ಚಿಕಿತ್ಸೆ ಆಗಿ ದನಿ ಗಂಡುದನಿಯ ಹಾಗೆ ದಪ್ಪ ಆಯಿತು. ಬೇರೆ ಯಾರಾದರೂ ಆಗಿದ್ದರೆ ದನಿ ಹೋಯ್ತು ಅಂತ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದರು. ಅವರು ಆ ಹೊಸ ದನಿಯನ್ನೇ ಇಟ್ಟುಕೊಂಡು ಹಾಡಿದರು, ಇವತ್ತು ನಾವು ಗಂಗೂಬಾಯಿ ಅಂದ ಕೂಡಲೇ ನೆನೆಯುವುದು ಆ ದಪ್ಪ ದನಿಯನ್ನೇ. 2006ರಲ್ಲಿ, 93ನೇ ವಯಸ್ಸಿನಲ್ಲಿ, ಕೊನೆಯ ಕಛೇರಿ ಮಾಡಿದರು.

"ಅದು ಖಯಾಲ್ ಮಾಮಾ, ಇದು ರಾಕ್. ಎಲ್ಲಿಂದೆಲ್ಲಿಗೆ?" ಅಂತ ನನ್ನ ಅಳಿಯ ಕೇಳಿದ. ಸರಿಯಾದ ಪ್ರಶ್ನೆ. ಉತ್ತರವೂ ಅಲ್ಲೇ ಇದೆ ಅನ್ನಿಸುತ್ತದೆ ನನಗೆ.

ಖಯಾಲ್ ಅಂದರೆ ನಮ್ಮ ಹಿಂದುಸ್ತಾನಿ ಗಾಯನ, ಅದರಲ್ಲಿ ಮೂಲ ಪ್ರತಿ ಅಂತ ಒಂದಿಲ್ಲ. ಮನ್ಸೂರರು ಒಂದು ರಾಗವನ್ನು ನಲವತ್ತರಲ್ಲಿ ಹಾಡಿದ್ದು ಒಂದು, ಎಂಬತ್ತರಲ್ಲಿ ಹಾಡಿದ್ದು ಇನ್ನೊಂದು. ದಮ್ಮು ಕಡಿಮೆ ಆಯಿತಾ, ತಾನ್, ಅಂದರೆ ಸ್ವರಗಳ ವೇಗದ ಓಟ, ಗಿಡ್ಡ ಆಗುತ್ತದೆ, ಆಲಾಪ ಇನ್ನಷ್ಟು ನಿಧಾನ ಆಗುತ್ತದೆ, ಎದುರಿಗೆ ಕೂತವನಿಗೆ ಏನೋ ಕಡಿಮೆ ಆಯಿತು ಅಂತ ಅನ್ನಿಸುವುದಿಲ್ಲ. ಶ್ರುತಿ ಇಳಿಸಿಕೊಂಡರೆ ಯಾರೂ ಕೇಳುವುದಿಲ್ಲ. ರಾಕ್ ಹಾಗಲ್ಲ. ಅಲ್ಲಿ ಹಾಡು ಅಂದರೆ ರೆಕಾರ್ಡು. 1971ರಲ್ಲಿ ಇಪ್ಪತ್ತೆರಡು ವರ್ಷದ ಹುಡುಗ ಯಾವುದೋ ಒಂದು ದಿನ ಯಾವ ಶ್ರುತಿಯಲ್ಲಿ, ಯಾವ ಕೂಗಿನಲ್ಲಿ ಹಾಡಿದನೋ ಅದೇ ಅಚ್ಚು. ಕೋಟ್ಯಂತರ ಜನರ ಕಿವಿಯಲ್ಲಿ ಅದೇ ಅಚ್ಚು ಕೂತಿದೆ. ಐವತ್ತು ವರ್ಷ ಆದಮೇಲೂ ಟಿಕೆಟ್ ತಗೊಂಡು ಬಂದವನು ಅದನ್ನೇ ಕೇಳುತ್ತಾನೆ. ತಂಡದವರು ಗಿಟಾರ್ ತಂತಿಗಳನ್ನೇ ಅರ್ಧ ಸ್ವರ, ಒಂದು ಸ್ವರ ಸಡಿಲ ಮಾಡಿಕೊಳ್ಳುತ್ತಾರೆ, ಮೇಲಿನ ಸಾಲು ಬಂದಾಗ ಮೈಕನ್ನು ಜನರ ಕಡೆ ತಿರುಗಿಸುತ್ತಾರೆ, ಹಿಂದೆ ನಿಂತ ಇಬ್ಬರು ಹುಡುಗಿಯರು ಆ ಸ್ವರ ಹಾಡಿಬಿಡುತ್ತಾರೆ. ಎಷ್ಟು ಮಾಡಿದರೂ ಆ ಮುದುಕ ಪ್ರತಿ ರಾತ್ರಿ ತನ್ನದೇ ಇಪ್ಪತ್ತೆರಡರ ದನಿಯ ಜೊತೆ ಕುಸ್ತಿಗೆ ಇಳಿಯಬೇಕು. ಪ್ರತಿ ರಾತ್ರಿ ಸೋಲಬೇಕು.

ಹೊಸ ಹಾಡಿಗೆ ಈ ತೊಂದರೆ ಇಲ್ಲ. 75 ವರ್ಷದವನು 75ರ ದನಿಗೆ ಅಂತಲೇ ಬರೆದ ಹಾಡನ್ನು ಯಾವುದರ ಜೊತೆ ಹೋಲಿಸುತ್ತೀರಿ? ಹಳೇ ಪ್ಲೇಟೇ ಇಲ್ಲವಲ್ಲ!

ಲಿಯೊನಾರ್ಡ್ ಕೋಹೆನ್ ಇದನ್ನು ಮಾಡಿ ತೋರಿಸಿದರು. ಎಂಬತ್ತು ದಾಟಿದ ವಯಸ್ಸು, ಬೆನ್ನು ನೋವು, ಮನೆಯಿಂದ ಹೊರಗೆ ಹೋಗುವ ಹಾಗಿಲ್ಲ. ಮಗ ಆಡಂ ಮನೆಯಲ್ಲೇ ಮೈಕು ಇಟ್ಟ, ಇವರು ವೈದ್ಯಕೀಯ ಕುರ್ಚಿಯಲ್ಲಿ ಕೂತು ಹಾಡಿದರು. ಹಾಡಿದರು ಅನ್ನೋದಕ್ಕಿಂತ ಮಾತಾಡಿದರು ಅನ್ನಬೇಕು, ಬಾವಿ ತಳದಿಂದ ಬಂದ ಹಾಗಿತ್ತು ಆ ದನಿ. ಆಲ್ಬಂ 2016ರ ಅಕ್ಟೋಬರ್ 21ಕ್ಕೆ ಬಂತು. ನವೆಂಬರ್ 7ಕ್ಕೆ ಅವರು ಹೋದರು. ಹೊತ್ತು ಮುಳುಗುತ್ತಿದೆ ಅಂತ ಗೊತ್ತಿದ್ದವನ ದನಿ ಅದು, ಮೂವತ್ತರ ಗಾಯಕ ಎಷ್ಟು ದುಡ್ಡು ಕೊಟ್ಟರೂ ಅದನ್ನು ತರಲಾರ. ಅದೇ ವರ್ಷದ ಜನವರಿಯಲ್ಲಿ ಡೇವಿಡ್ ಬೋವಿ ತಮ್ಮ 69ನೇ ಹುಟ್ಟುಹಬ್ಬದ ದಿನ 'ಬ್ಲ್ಯಾಕ್‌ಸ್ಟಾರ್' ಬಿಟ್ಟರು, ಎರಡೇ ದಿನಕ್ಕೆ ತೀರಿಕೊಂಡರು. ಬೋವಿ ವಿಷಯದಲ್ಲಿ ಜನ ಮರೆಯುವುದು ಇನ್ನೊಂದಿದೆ. 2004ರಲ್ಲಿ ಪ್ರವಾಸದ ನಡುವೆ ಹೃದಯದ ರಕ್ತನಾಳ ಕಟ್ಟಿಕೊಂಡು ಆಪರೇಷನ್ ಆದ ಮೇಲೆ ಅವರು ಮತ್ತೆ ಪ್ರವಾಸಕ್ಕೆ ಹೋಗಲೇ ಇಲ್ಲ. ಹತ್ತಿರ ಹತ್ತು ವರ್ಷ ಸುಮ್ಮನಿದ್ದು, ಆಮೇಲೆ ಯಾರಿಗೂ ಗೊತ್ತಾಗದ ಹಾಗೆ ಸ್ಟುಡಿಯೋದಲ್ಲಿ ಕೂತು 2013ರಲ್ಲಿ ಒಂದು, 2016ರಲ್ಲಿ ಒಂದು ಆಲ್ಬಂ ಕೊಟ್ಟರು. ನಾನು ಹೇಳುತ್ತಿರುವ ದಾರಿ ಇದೇ. ವಯಸ್ಸಿನ ಮಾತೂ ಬೇಡ, ಬೀಟಲ್ಸ್ ಇಪ್ಪತ್ತರ ಚಿಲ್ಲರೆ ವಯಸ್ಸಿನಲ್ಲೇ 1966ರಲ್ಲಿ ಪ್ರವಾಸ ಬಿಟ್ಟು ಸ್ಟುಡಿಯೋ ಸೇರಿಕೊಂಡಿದ್ದರು. ಯಾರೂ ಅವರನ್ನು ನಿವೃತ್ತರು ಅನ್ನಲಿಲ್ಲ.

ಜಾನಿ ಕ್ಯಾಶ್ ಅಂತೂ ನನಗೆ ಮನ್ಸೂರರ ಹಾಗೆಯೇ ಕಾಣುತ್ತಾರೆ. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತದ ಗಾಯಕ, ಆದರೆ ರಾಕ್‌ನವರೂ ತಮ್ಮವ ಅಂತ ಹೇಳಿಕೊಳ್ಳುತ್ತಾರೆ. 1980ರ ದಶಕದಲ್ಲಿ ಅವರನ್ನು ದೊಡ್ಡ ಕಂಪನಿ ಕೈಬಿಟ್ಟಿತ್ತು. ಎಲ್ಲರೂ ಮುಗೀತು ಅಂದಿದ್ದರು. ಆಗ ರಿಕ್ ರೂಬಿನ್ ಅನ್ನೋ ನಿರ್ಮಾಪಕ ಅವರನ್ನು ತನ್ನ ಮನೆ ಹಾಲ್‌ನಲ್ಲಿ ಕೂರಿಸಿ, ಒಂದು ಗಿಟಾರ್ ಕೈಗೆ ಕೊಟ್ಟು, ನಿಮಗೆ ಇಷ್ಟ ಆಗಿದ್ದು ಹಾಡಿ ಅಂದ. 1994ರಲ್ಲಿ ಆ ಆಲ್ಬಂ ಬಂತು. 2002ರಲ್ಲಿ ಇನ್ನೊಬ್ಬರ 'ಹರ್ಟ್' ಹಾಡನ್ನು ಕ್ಯಾಶ್ ಹಾಡಿದರು. ದನಿ ಅಲ್ಲಲ್ಲಿ ಒಡೆಯುತ್ತದೆ. ಸ್ವರ ಅಲುಗುತ್ತದೆ. ಒಡೆದ ಜಾಗವನ್ನು ರೂಬಿನ್ ಒರೆಸಿ ಹಾಕಲಿಲ್ಲ, ಹಾಗೇ ಬಿಟ್ಟ. ಮುಂದಿನ ವರ್ಷ ಸೆಪ್ಟೆಂಬರ್ 12ಕ್ಕೆ ಕ್ಯಾಶ್ ಹೋದರು, 71 ವರ್ಷ. ಮನ್ಸೂರರು ಹೋಗಿದ್ದೂ ಸೆಪ್ಟೆಂಬರ್ 12ಕ್ಕೇ, ಹನ್ನೊಂದು ವರ್ಷ ಮೊದಲು. ಇದಕ್ಕೆ ಏನೂ ಅರ್ಥ ಇಲ್ಲ, ಸುಮ್ನೆ ಹೇಳಿದೆ.

ಹಾಗಾದರೆ ಇಷ್ಟು ಕಷ್ಟಪಟ್ಟು ಸ್ಟೇಜ್ ಮೇಲೆ ಯಾಕೆ ಹತ್ತುತ್ತಾರೆ? ದುಡ್ಡು. ಮೊದಲು ಕ್ಯಾಸೆಟ್, ಸಿಡಿ ಮಾರಿ ದುಡ್ಡು ಬರುತ್ತಿತ್ತು, ಪ್ರವಾಸ ಅದರ ಜಾಹೀರಾತು. ಈಗ ಹಾಡು ಫೋನಿನಲ್ಲಿ ಪುಕ್ಕಟೆ ಅಥವಾ ಪುಕ್ಕಟೆಗೆ ಸಮ, ಹಾಗಾಗಿ ಆಲ್ಬಮ್ಮೇ ಪ್ರವಾಸದ ಜಾಹೀರಾತಾಗಿದೆ. ಎಲ್ಟನ್ ಜಾನ್ ಅವರ ವಿದಾಯ ಪ್ರವಾಸ 2018ರಿಂದ 2023ರ ಜುಲೈವರೆಗೆ ನಡೆಯಿತು. 330 ಕಾರ್ಯಕ್ರಮ, 90 ಕೋಟಿ ಡಾಲರಿಗೂ ಜಾಸ್ತಿ ಕಲೆಕ್ಷನ್. ಅದರ ಹಿಂದೆ ಲೈಟಿನವರು, ಲಾರಿಯವರು, ವಾದ್ಯದವರು, ಟಿಕೆಟ್ ಕಂಪನಿಯವರು, ಒಂದು ಸಣ್ಣ ಊರಿನಷ್ಟು ಜನ ಊಟ ಮಾಡುತ್ತಾರೆ. ನಮ್ಮ ಕಡೆ ಕಂಪನಿ ನಾಟಕಗಳಲ್ಲಿ ಮುಖ್ಯ ನಟನಿಗೆ ಜ್ವರ ಬಂದರೂ ಬಣ್ಣ ಹಚ್ಚಲೇಬೇಕಿತ್ತಲ್ಲ, ಅದೇ ಲೆಕ್ಕ. ಕೋಹೆನ್ ಕೂಡ 2008ರಲ್ಲಿ, 73ನೇ ವಯಸ್ಸಿನಲ್ಲಿ, ಮತ್ತೆ ಪ್ರವಾಸಕ್ಕೆ ಹೊರಟಿದ್ದು ಉಳಿತಾಯದ ಹಣವೆಲ್ಲ ಕೈತಪ್ಪಿ ಹೋಗಿದ್ದರಿಂದ. ಹಾಗಾಗಿ ಯಾರಾದರೂ ಮುದುಕ ಸ್ಟೇಜ್ ಮೇಲೆ ತಡವರಿಸುವುದನ್ನು ಕಂಡರೆ ಆಸೆಬುರುಕ ಅಂತ ಬೈಯುವ ಮೊದಲು ಇದನ್ನೂ ನೋಡಬೇಕು.

ವಿದಾಯ ಅನ್ನೋ ಮಾತನ್ನು ಮಾತ್ರ ಯಾರೂ ನಂಬಬೇಡಿ. ಓಝಿ 1992ರಲ್ಲೇ 'ನೋ ಮೋರ್ ಟೂರ್ಸ್' ಅಂತ ಹೆಸರಿಟ್ಟು ಪ್ರವಾಸ ಮಾಡಿದ್ದರು. ಮೂರು ವರ್ಷಕ್ಕೆ ಮತ್ತೆ ಬಂದರು, ಆ ಪ್ರವಾಸದ ಹೆಸರೇ ನಿವೃತ್ತಿ ಬೇಜಾರು ಅನ್ನುವ ಅರ್ಥದ್ದು! ಎಲ್ಟನ್ ಜಾನ್ ಮಾತ್ರ ಮಾತು ಉಳಿಸಿಕೊಂಡ ಹಾಗೆ ಕಾಣುತ್ತದೆ. ಪ್ರವಾಸ ಮುಗಿದ ಕೆಲವೇ ತಿಂಗಳಿಗೆ ಗಾಯಕಿ ಬ್ರ್ಯಾಂಡಿ ಕಾರ್ಲೈಲ್ ಜೊತೆ ಸ್ಟುಡಿಯೋದಲ್ಲಿ ಕೂತು ಒಂದು ಆಲ್ಬಂ ಮುಗಿಸಿದರು, 2025ರ ಏಪ್ರಿಲ್‌ನಲ್ಲಿ ಅದು ಬಂತು. ಅಷ್ಟರಲ್ಲಿ ಅವರ ಬಲಗಣ್ಣಿನ ದೃಷ್ಟಿ ಹೋಗಿತ್ತು.

ಇದರ ವಿರುದ್ಧ ಹೇಳಬೇಕಾದ್ದೂ ಇದೆ. ಮುದುಕರ ಆಲ್ಬಂ ಎಲ್ಲ ಚೆನ್ನಾಗಿರುತ್ತವೆ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಬಹಳಷ್ಟು ಬೇಜಾರು. ಹಳೇ ಹಾಡಿನದೇ ಮಾದರಿಯಲ್ಲಿ ಹೊಸ ಹಾಡು, ಅದೇ ಹುಡುಗಿ, ಅದೇ ಹೆದ್ದಾರಿ, ಎಂಬತ್ತರ ಅಜ್ಜ ಇನ್ನೂ ಬೈಕು ಓಡಿಸುತ್ತಿರುವ ಹಾಗೆ. ಇನ್ನೊಂದು, ಸ್ಟುಡಿಯೋದಲ್ಲಿ ಮೋಸಕ್ಕೆ ಜಾಗ ಜಾಸ್ತಿ. 1997ರಿಂದ ಆಟೋ-ಟ್ಯೂನ್ ಇದೆ, ತಪ್ಪಿದ ಸ್ವರವನ್ನು ಎಳೆದು ಜಾಗಕ್ಕೆ ಕೂರಿಸುತ್ತದೆ. ಐವತ್ತು ಸಲ ಹಾಡಿಸಿ ಒಳ್ಳೆಯ ತುಂಡುಗಳನ್ನು ಜೋಡಿಸಿ ಒಂದು ಸಾಲು ಮಾಡಬಹುದು. ಈಗಂತೂ ಎಐ ಬಂದು ಹರೆಯದ ದನಿಯನ್ನೇ ನಕಲು ಮಾಡಿ ಕೊಡುತ್ತದೆ. ಸುಕ್ಕಿಗೆ ಇಸ್ತ್ರಿ ಹೊಡೆದ ಹಾಗಿರುವ ಆ ದನಿ ಕೇಳಿದರೆ ನನಗೆ ಸ್ಟೇಜ್ ಮೇಲೆ ತಡವರಿಸುವುದೇ ಎಷ್ಟೋ ವಾಸಿ ಅನ್ನಿಸುತ್ತದೆ. ರೆಕಾರ್ಡ್ ಮಾಡಲಿ ಅಂತ ನಾನು ಹೇಳುವುದು ಈಗ ಇರುವ ದನಿಯನ್ನು. ರಾಬರ್ಟ್ ಪ್ಲಾಂಟ್ ಹಾಗೆ ಮಾಡಿದರು. 2007ರ ಡಿಸೆಂಬರಿನಲ್ಲಿ ಅವರ ಹಳೇ ತಂಡ ಲೆಡ್ ಝೆಪ್ಪೆಲಿನ್ ಲಂಡನ್ನಿನಲ್ಲಿ ಒಂದೇ ಒಂದು ರಾತ್ರಿ ಒಟ್ಟಿಗೆ ಸೇರಿತು, ಟಿಕೆಟ್ಟಿಗೆ ಜಗತ್ತೇ ಮುಗಿಬಿತ್ತು. ಪೂರ್ತಿ ಪ್ರವಾಸ ಮಾಡಿದ್ದರೆ ದುಡ್ಡಿನ ಮಳೆ. ಪ್ಲಾಂಟ್ ಬೇಡ ಅಂದರು. ಗಾಯಕಿ ಅಲಿಸನ್ ಕ್ರೌಸ್ ಜೊತೆ ಮೆಲುದನಿಯಲ್ಲಿ ಹಾಡಿದ ಒಂದು ಆಲ್ಬಂ ಅದಾಗಲೇ ಬಂದಿತ್ತು, ಅದನ್ನೇ ಹಿಡಿದು ಮುಂದೆ ಹೋದರು. 2009ರಲ್ಲಿ ಅದಕ್ಕೆ ವರ್ಷದ ಆಲ್ಬಂ ಅಂತ ಗ್ರ್ಯಾಮಿ ಪ್ರಶಸ್ತಿ ಬಂತು. ಆಗ ಅವರಿಗೆ ಅರವತ್ತು.

ಸ್ಟೇಜ್ ಮೇಲೇ ಇದನ್ನು ಸಾಧಿಸಿದವರು ಡಿಲನ್ ಒಬ್ಬರೇ ಅನ್ನಬೇಕು. 1988ರಿಂದ ಹೆಚ್ಚುಕಡಿಮೆ ನಿಲ್ಲದೆ ತಿರುಗುತ್ತಿದ್ದಾರೆ. ತಮ್ಮ ಹಾಡುಗಳ ಧಾಟಿಯನ್ನೇ ಬದಲಿಸಿ ಹಾಡುತ್ತಾರೆ, ಅರ್ಧ ಹಾಡು ಆದ ಮೇಲೆ ಜನರಿಗೆ ಇದು ಯಾವ ಹಾಡು ಅಂತ ಗೊತ್ತಾಗುತ್ತದೆ. ಟಿಕೆಟ್ ತಗೊಂಡವರು ಬೈಯುತ್ತಾರೆ. ಅವರನ್ನು ಧಾರವಾಡದಲ್ಲಿ ಕೂರಿಸಿದ್ದರೆ ಯಾರೂ ಬೈಯುತ್ತಿರಲಿಲ್ಲ.

ಪೂರ್ತಿ ನಿಲ್ಲಿಸುವವರಿಗೂ ನನ್ನ ನಮಸ್ಕಾರ. ಎಸ್. ಜಾನಕಿ 2016ರಲ್ಲಿ ಸಾಕು ಅಂದರು, 2017ರಲ್ಲಿ ಮೈಸೂರಿನಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟರು. ಅದು ಅವರ ಗಂಟಲು, ಅವರ ಲೆಕ್ಕ. ನಮ್ಮ ಕುಂದಗೋಳದ ಸವಾಯಿ ಗಂಧರ್ವರಿಗೆ ಆ ಆಯ್ಕೆಯೂ ಸಿಗಲಿಲ್ಲ, ಐವತ್ತಾರಕ್ಕೇ ಪಾರ್ಶ್ವವಾಯು ಹೊಡೆದು ಕಛೇರಿಗಳು ನಿಂತವು. ಅವರು ಹಾಡಿದ್ದರಲ್ಲಿ ಇವತ್ತು ನಮಗೆ ಸಿಗುವುದು ಹೆಚ್ಚಾಗಿ ಹಳೇ ಪ್ಲೇಟುಗಳು, ಅವೂ ಮೂರು ಮೂರು ನಿಮಿಷದವು. ಅದೂ ಕಡಿಮೆ ಅಂತ ಅನ್ನುವ ಹಾಗಿಲ್ಲ. ಗದಗ ಸೀಮೆಯ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಒಂದು ಪ್ಲೇಟು ಕೇಳಿಯೇ ಹುಚ್ಚು ಹಿಡಿಸಿಕೊಂಡು ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟಿದ್ದು.

ನಮ್ಮ ಓಣಿಯಲ್ಲಿ ಒಬ್ಬ ಅಜ್ಜ ಇದ್ದಾರೆ. ಶ್ರಾವಣದ ಭಜನೆಯಲ್ಲಿ ಅವರೇ ಮುಂದಾಳು. ಮೊದಲೆಲ್ಲ ಹಾರ್ಮೋನಿಯಂ ಪೆಟ್ಟಿಗೆಯ ಕಪ್ಪು ಎರಡರಿಂದ ತತ್ವಪದ ಎತ್ತುತ್ತಿದ್ದರು, ಓಣಿಯ ಆ ತುದಿಗೆ ಕೇಳುತ್ತಿತ್ತು. ನಾಲ್ಕೈದು ವರ್ಷದ ಹಿಂದೆ ಒಂದು ಸೋಮವಾರ ಎರಡನೇ ನುಡಿಯಲ್ಲಿ ದನಿ ಸಿಕ್ಕಿಬಿತ್ತು. ಕೆಮ್ಮಿದರು, ನೀರು ಕುಡಿದರು, ಪೆಟ್ಟಿಗೆ ಬಾರಿಸುವವನಿಗೆ "ಬಿಳಿ ಒಂದಕ್ಕ ಬಾರೋ ತಮ್ಮಾ" ಅಂದರು. ಶ್ರುತಿ ಇಳಿಸಿಕೊಂಡರು, ಅಷ್ಟೇ. ಮತ್ತೆ ಹಾಡಿದರು. ಈಗ ಮೈಕಿನ ಮುಂದೆ ಕೂರುವುದಿಲ್ಲ, ಭಜನೆಗೆ ಬಂದು ತಾಳ ಹಾಕುತ್ತಾರೆ. ಆದರೆ ಮೊಮ್ಮಗಳು ಮನೆಯಲ್ಲಿ ಫೋನ್ ಇಟ್ಟು ಒಂದೊಂದೇ ಪದ ಹಾಡಿಸಿ ಇಟ್ಟುಕೊಳ್ಳುತ್ತಿದ್ದಾಳೆ. ಅದರಲ್ಲಿ ಒಂದನ್ನು ನನಗೂ ಕಳಿಸಿದ್ದಳು. ಹಿಂದೆ ಕುಕ್ಕರ್ ಸೀಟಿ, ಫ್ಯಾನಿನ ಸದ್ದು, ನಡುನಡುವೆ ಅಜ್ಜ ಉಸಿರು ತಗೊಳ್ಳುವುದು.

ಕಳೆದ ಭಾನುವಾರ ಅದನ್ನು ಅಳಿಯನಿಗೆ ಕೇಳಿಸಿದೆ. ಪೂರ್ತಿ ಕೇಳಿದ. ಮತ್ತೊಮ್ಮೆ ಹಚ್ಚಿದ. ಗಿಟಾರ್ ತಗೊಂಡು ಒಂದು ತಂತಿ ಮೀಟಿ ನೋಡಿದ, ಕೂಡಲಿಲ್ಲ.

"ಸಿ, ಅಂದ್ರ ಬಿಳಿ ಒಂದು, ಅಂತ ಮಾಡಿದ್ದೆ ಮಾಮಾ. ಅದಕ್ಕಿಂತ ಒಂಚೂರು ಕೆಳಗ ಐತಿ ನೋಡ್ರಿ."

ಆಮೇಲೆ ಆರೂ ತಂತಿಗಳನ್ನು ಒಂದೊಂದಾಗಿ ಸಡಿಲ ಮಾಡುತ್ತ, ಕಿವಿ ಫೋನಿಗೆ ಹತ್ತಿರ ಇಟ್ಟುಕೊಂಡು, ಅಜ್ಜನ ದನಿಗೆ ಕೂಡಿಸುತ್ತ ಕೂತ.